ಔಷಧಿಯಿಲ್ಲದ ಹನಿ

ಕೋವಿಡ್ ಬರುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ನಮ್ಮ ಹತ್ತಿರದ ಬಂಧುಗಳೊಬ್ಬರು ಒಂದು ಸಂದಿಗ್ಧವನ್ನು ಹೊತ್ತು ಮನೆಗೆ ಬಂದರು. ಅವರ ಎಂಟು ವರ್ಷದ ಮಗಳ ಕನ್ನಡಕದ ಪವರ್ ಎರಡೇ ವರ್ಷಗಳಲ್ಲಿ ಮೈನಸ್ ಎರಡರಿಂದ ಮೈನಸ್ ನಾಲ್ಕಕ್ಕೆ ಏರಿತ್ತು. ಪವರ್ ಏರುವುದನ್ನು ನಿಧಾನಗೊಳಿಸಬಹುದಾದ ಹನಿ ಔಷಧಿಯೊಂದರ ಬಗ್ಗೆ ಅಧ್ಯಯನ ನಡೆಯುತ್ತಿದೆ, ಮಗಳನ್ನು ಸೇರಿಸಲು ಒಪ್ಪುವಿರಾ ಎಂದು ವೈದ್ಯರು ಕೇಳಿದ್ದರಂತೆ. ಅರ್ಧದಷ್ಟು ಮಕ್ಕಳಿಗೆ ಔಷಧಿಯ ಹನಿ, ಉಳಿದವರಿಗೆ ಔಷಧಿಯಿಲ್ಲದ ಹನಿ. ಯಾರಿಗೆ ಯಾವುದು ಎಂಬುದು ಹೆತ್ತವರಿಗೂ ತಿಳಿಯದು, ಹನಿ ಕೊಡುವ ವೈದ್ಯರಿಗೂ ತಿಳಿಯದು.

"ನನ್ನ ಮಗಳ ಕಣ್ಣಿಗೆ ಬರೀ ನೀರು ಬಿಟ್ಟು, ಪವರ್ ಎಷ್ಟು ಏರ್ತದೆ ಅಂತ ನೋಡ್ತಾ ಕೂರೋದು ನ್ಯಾಯವಾ? ನೀವೇ ಹೇಳಿ" ಎಂದು ಅವರು ಕೇಳಿದರು. ನಮ್ಮಲ್ಲಿ ಸಿದ್ಧ ಉತ್ತರವಿರಲಿಲ್ಲ.

ಸಮೀಪದೃಷ್ಟಿ ದೋಷವೆಂದರೆ ಕನ್ನಡಕ ಹಾಕಿದರೆ ಮುಗಿಯುವ ಸಂಗತಿ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಪವರ್ ಕಡಿಮೆ ಇರುವವರ ಮಟ್ಟಿಗೆ ಅದು ಬಹುಪಾಲು ನಿಜವೂ ಹೌದು. ಆದರೆ ಮೈನಸ್ ಆರನ್ನು ದಾಟಿದ ತೀವ್ರ ದೋಷದ ಕಥೆ ಬೇರೆ. ಅಲ್ಲಿ ಕಣ್ಣುಗುಡ್ಡೆಯೇ ಹಿಂದಕ್ಕೆ ಉದ್ದವಾಗಿ ಬೆಳೆದಿರುತ್ತದೆ. ಸುಮಾರು 24 ಮಿಲಿಮೀಟರ್ ಇರಬೇಕಾದ ಕಣ್ಣು 26 ಮಿಲಿಮೀಟರನ್ನೂ ಮೀರುತ್ತದೆ. ಒಳಗಿನ ಅಕ್ಷಿಪಟಲ ಎಳೆದ ಬಟ್ಟೆಯಂತೆ ತೆಳುವಾಗುತ್ತದೆ. ವಯಸ್ಸಾದಂತೆ ಅಕ್ಷಿಪಟಲ ಕಳಚುವ, ಅದರ ಕೇಂದ್ರಭಾಗ ಸವೆಯುವ, ಗ್ಲಾಕೋಮಾ ಬರುವ ಅಪಾಯ ಹೆಚ್ಚುತ್ತದೆ. ಲೇಸರ್ ಚಿಕಿತ್ಸೆ ಕನ್ನಡಕವನ್ನು ತೆಗೆಸಬಹುದು. ಆದರೆ ಅದು ತಿದ್ದುವುದು ಕಣ್ಣಿನ ಮುಂಭಾಗದ ಕಾರ್ನಿಯಾವನ್ನು ಮಾತ್ರ. ಉದ್ದವಾದ ಕಣ್ಣನ್ನು ಮೊದಲಿನಂತೆ ಮಾಡುವ ಚಿಕಿತ್ಸೆ ಇಲ್ಲ. ಹಾಗಾಗಿ ಆ ತಂದೆಯ ಆತಂಕ ಪೊಳ್ಳಲ್ಲ. ಕಾಯುವ ಕಾಲದಲ್ಲಿ ಕಳೆದುಕೊಂಡದ್ದು ಮರಳಿ ಬರುವುದಿಲ್ಲ.

ಹಾಗಾದರೆ ಸಂಶೋಧಕರು ಕಾಯಿಸುವುದೇಕೆ? ಇದಕ್ಕೆ ಉತ್ತರ ಈ ಔಷಧಿಯ ಚರಿತ್ರೆಯಲ್ಲೇ ಇದೆ. ಸಿಂಗಾಪುರದಲ್ಲಿ 6ರಿಂದ 12 ವರ್ಷದ 400 ಮಕ್ಕಳ ಮೇಲೆ ಅಟ್ರೋಪಿನ್ ಹನಿಯ ಅಧ್ಯಯನವೊಂದು ನಡೆದು, ಅದರ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಪ್ರತಿ ಮಗುವಿನ ಒಂದು ಕಣ್ಣಿಗೆ ಮಾತ್ರ ಹನಿ. ಇನ್ನೊಂದು ಕಣ್ಣಿಗೆ ಏನೂ ಇಲ್ಲ. ಹನಿ ಪಡೆದವರಲ್ಲೂ ಅರ್ಧ ಮಕ್ಕಳಿಗೆ ಸಿಕ್ಕಿದ್ದು ಔಷಧಿಯಿಲ್ಲದ ಹನಿ. ಎರಡು ವರ್ಷಗಳಲ್ಲಿ ಔಷಧಿಯಿಲ್ಲದ ಹನಿ ಪಡೆದ ಕಣ್ಣುಗಳ ಪವರ್ ಸರಾಸರಿ 1.20 ಏರಿದರೆ, ಶೇ. 1ರ ಅಟ್ರೋಪಿನ್ ಪಡೆದ ಕಣ್ಣುಗಳದು ಏರಿದ್ದು 0.28 ಮಾತ್ರ. ಅಲ್ಲಿಗೇ ನಿಲ್ಲಿಸಿದ್ದರೆ ಎಲ್ಲ ಮಕ್ಕಳಿಗೂ ಅದನ್ನೇ ಕೊಡಿ ಎಂದುಬಿಡಬಹುದಿತ್ತು. ಆದರೆ ಹನಿ ನಿಲ್ಲಿಸಿದ ಮೇಲೆ ಔಷಧಿ ಪಡೆದಿದ್ದ ಕಣ್ಣುಗಳಲ್ಲೇ ಪವರ್ ಹೆಚ್ಚು ವೇಗವಾಗಿ ಏರತೊಡಗಿತು. ಗಳಿಸಿದ್ದರಲ್ಲಿ ಒಂದು ಪಾಲು ಕೈತಪ್ಪಿತು. ಜೊತೆಗೆ ಬೆಳಕು ಚುಚ್ಚುವುದು, ಹತ್ತಿರದ ಅಕ್ಷರ ಮಸುಕಾಗುವುದು ಮುಂತಾದ ತೊಂದರೆಗಳೂ ಇದ್ದವು. ಹೋಲಿಸಿ ನೋಡಲು ಔಷಧಿಯಿಲ್ಲದ ಕಣ್ಣುಗಳು ಇದ್ದುದರಿಂದಲೇ ಈ ಮರುಏರಿಕೆ ಗೊತ್ತಾಯಿತು.

ಆ ಮೇಲೆ ಸಂಶೋಧಕರು ಪ್ರಮಾಣ ತಗ್ಗಿಸುತ್ತಾ ಹೋದರು. ಶೇ. 0.01ರ ಹನಿ ಹಲವು ದೇಶಗಳಲ್ಲಿ ಜನಪ್ರಿಯವಾಯಿತು. ಆದರೆ ಅಮೆರಿಕದಲ್ಲಿ 187 ಮಕ್ಕಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದಕ್ಕೂ ಔಷಧಿಯಿಲ್ಲದ ಹನಿಗೂ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಏಷ್ಯಾದ ಮಕ್ಕಳಲ್ಲಿ ಅದೇ ಹನಿ ಅಲ್ಪಸ್ವಲ್ಪ ಪ್ರಯೋಜನ ತೋರಿತ್ತು. ಅಂದರೆ ವೈದ್ಯರ ಸದುದ್ದೇಶ, ಹೆತ್ತವರ ನಂಬಿಕೆ, ಅಂಗಡಿಯಲ್ಲಿ ಸಿಗುವ ಬಾಟಲಿ ಈ ಮೂರೂ ಸೇರಿದರೂ ಅದು ಅರಿವು ಎನಿಸುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ನಾವು ಗಂಭೀರವಾಗಿ ಎದುರಿಸಬೇಕು. ನಾಳೆಯ ಮಕ್ಕಳ ಒಳಿತಿಗಾಗಿ ಇಂದಿನ ಒಂದು ಮಗುವನ್ನು ಸಾಧನವಾಗಿ ಬಳಸಬಹುದೇ? ಮನುಷ್ಯನನ್ನು ಬರೀ ಸಾಧನವಾಗಿ ಕಾಣಬಾರದು ಎಂಬುದು ಜರ್ಮನಿಯ ದಾರ್ಶನಿಕ ಕಾಂಟ್‌ನ ನೀತಿಯ ತಿರುಳು. ಮಗು ತಾನಾಗಿ ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲ. ತಂದೆ ಕೊಡುತ್ತಾನೆ, ಪರಿಣಾಮವನ್ನು ಮಗು ಅನುಭವಿಸುತ್ತದೆ. ತನ್ನದಲ್ಲದ ಕಣ್ಣನ್ನು ದಾನ ಮಾಡುವ ಅಧಿಕಾರ ತಂದೆಗೆ ಎಲ್ಲಿಂದ ಬಂತು?

ನಮಗೆ ತೋಚುವ ಉತ್ತರ ಇಷ್ಟು. ಔಷಧಿ ಕೆಲಸ ಮಾಡುತ್ತದೆಂದು ಗೊತ್ತಿದ್ದೂ ಕೊಡದಿರುವುದು ದ್ರೋಹ. ಕೆಲಸ ಮಾಡುತ್ತದೋ, ಕೆಡುಕು ಮಾಡುತ್ತದೋ ಎಂಬುದು ನಿಜವಾಗಿಯೂ ಗೊತ್ತಿಲ್ಲದಾಗ ಎರಡೂ ಗುಂಪಿನ ಮಕ್ಕಳು ಒಂದೇ ಕತ್ತಲಲ್ಲಿರುತ್ತಾರೆ. ಆಗ ಯಾರಿಗೂ ಮೋಸವಾಗಿರುವುದಿಲ್ಲ. ಆದರೆ ಆ ಸಂದೇಹ ಪ್ರಾಮಾಣಿಕವಾಗಿರಬೇಕು. ಅದು ಹಣಕ್ಕಾಗಿ ಅಥವಾ ಹೆಸರಿಗಾಗಿ ಎಳೆದು ಉಳಿಸಿಕೊಂಡ ಸಂದೇಹವಾಗಬಾರದು. 1964ರ ಹೆಲ್ಸಿಂಕಿ ಘೋಷಣೆ ಮತ್ತು ಅದರ ನಂತರದ ತಿದ್ದುಪಡಿಗಳು ವೈದ್ಯಲೋಕಕ್ಕೆ ಹಾಕಿಕೊಟ್ಟ ಗೆರೆಯ ಸಾರವೂ ಇದೇ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕೆನ್ನುತ್ತದೆ. ಮಗುವಿಗೆ ಪೂರ್ತಿ ಅರ್ಥವಾಗದಿರಬಹುದು. ಆದರೂ ಕೇಳುವುದರಿಂದ ಅದು ವಸ್ತುವಲ್ಲ, ವ್ಯಕ್ತಿ ಎಂಬುದನ್ನು ನಾವು ಒಪ್ಪಿಕೊಂಡಂತಾಗುತ್ತದೆ.

ಸಂದೇಹ ಕಳೆದ ಕ್ಷಣದಿಂದ ಋಣ ಶುರುವಾಗುತ್ತದೆ. ಹಾಂಗ್‌ಕಾಂಗ್‌ನಲ್ಲಿ 438 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಮೊದಲ ವರ್ಷವೇ ಶೇ. 0.05ರ ಹನಿ ಹೆಚ್ಚು ಪರಿಣಾಮಕಾರಿಯೆಂದು ಕಂಡುಬಂತು. ಎರಡನೆಯ ವರ್ಷದಿಂದ ಔಷಧಿಯಿಲ್ಲದ ಗುಂಪಿನ ಮಕ್ಕಳಿಗೂ ಅದನ್ನೇ ಕೊಡಲಾಯಿತು. ಲೆಕ್ಕದ ಶುದ್ಧತೆಗಾಗಿ ಅವರನ್ನು ಇನ್ನಷ್ಟು ಕಾಲ ಹಾಗೆಯೇ ಬಿಡಲಿಲ್ಲ. ವಿಜ್ಞಾನ ತನ್ನ ಸಾಲವನ್ನು ತೀರಿಸುವ ರೀತಿ ಇದು.

ಆದರೆ ಸಾಲಗಾರರು ಸಂಶೋಧಕರು ಮಾತ್ರವೇ? ಅವರು ಕಂಡುಕೊಂಡದ್ದನ್ನು ನಾವು ಏನು ಮಾಡಿದೆವು? 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಚೀನೀ ಮೂಲದ ಆರೇಳು ವರ್ಷದ ಮಕ್ಕಳನ್ನು ಎರಡು ನಗರಗಳಲ್ಲಿ ಹೋಲಿಸಿತು. ಸಿಂಗಾಪುರದಲ್ಲಿ ಶೇ. 29ರಷ್ಟು ಮಕ್ಕಳಿಗೆ ಸಮೀಪದೃಷ್ಟಿ ದೋಷವಿದ್ದರೆ ಸಿಡ್ನಿಯಲ್ಲಿ ಶೇ. 3ರಷ್ಟು ಮಾತ್ರ. ಸಿಡ್ನಿಯ ಮಕ್ಕಳು ವಾರಕ್ಕೆ ಸುಮಾರು 14 ಗಂಟೆ ಹೊರಗೆ ಬಯಲಲ್ಲಿದ್ದರು. ಸಿಂಗಾಪುರದವರು ಮೂರು ಗಂಟೆ. ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಬಿಟ್ಟ ಶಾಲೆಗಳಲ್ಲಿ ಮೂರು ವರ್ಷಗಳೊಳಗೆ ಹೊಸದಾಗಿ ದೋಷ ಬಂದ ಮಕ್ಕಳು ಶೇ. 30, ಉಳಿದ ಶಾಲೆಗಳಲ್ಲಿ ಶೇ. 40ರ ಹತ್ತಿರ. ಹಗಲ ಬೆಳಕಿಗೆ ಪೇಟೆಂಟ್ ಇಲ್ಲ, ಅದನ್ನು ಮಾರಲು ಕಂಪನಿಯೂ ಇಲ್ಲ. ಆ ಮಕ್ಕಳ ಕಣ್ಣುಗಳಿಂದ ಈ ಅರಿವನ್ನು ಪಡೆದ ನಾವು ಆಟದ ಪೀರಿಯಡ್ ಕಿತ್ತು ಗಣಿತಕ್ಕೆ ಕೊಡುತ್ತೇವೆ, ಬಯಲೇ ಇಲ್ಲದ ಕಟ್ಟಡಕ್ಕೆ ಶಾಲೆಯೆಂದು ಹೆಸರಿಟ್ಟು ದೊಡ್ಡ ಶುಲ್ಕ ಕಟ್ಟುತ್ತೇವೆ. ಮದುವೆ ಕುದುರುವುದಿಲ್ಲವೆಂದು ಹೆಣ್ಣುಮಕ್ಕಳ ಕನ್ನಡಕವನ್ನು ಬಚ್ಚಿಡುವ ಮನೆಗಳು ಇಂದಿಗೂ ಇವೆ. ಇದು ಅಜ್ಞಾನವಲ್ಲ, ಋಣವನ್ನು ಮರೆತ ನಡತೆ.

ಆ ದಿನ ನಾವು ಬಂಧುಗಳಿಗೆ ಹೇಳಿದ್ದು ಇಷ್ಟೆ: "ವೈದ್ಯರ ಹತ್ತಿರ ಎರಡು ಮಾತು ಕೇಳಿ. ನಿಮಗೆ ನಿಜವಾಗಿಯೂ ಗೊತ್ತಿಲ್ಲವೇ? ಗೊತ್ತಾದ ಮೇಲೆ ನನ್ನ ಮಗಳಿಗೂ ಔಷಧಿ ಕೊಡುತ್ತೀರಾ?" ಎರಡಕ್ಕೂ ನೇರ ಉತ್ತರ ಸಿಕ್ಕಿತು. ಮಗಳನ್ನೂ ಕೇಳಿದರು, ಅವಳೂ ಒಪ್ಪಿದಳು. ಅವಳಿಗೆ ಸಿಕ್ಕಿದ್ದು ಔಷಧಿಯಿಲ್ಲದ ಹನಿ ಎಂಬುದು ಅಧ್ಯಯನ ಮುಗಿದ ಮೇಲೆ ತಿಳಿಯಿತು. ಕೊಟ್ಟ ಮಾತಿನಂತೆ ಔಷಧಿ ಶುರುಮಾಡಿದರು. ಇಂದು ಅವಳ ಪವರ್ ಮೈನಸ್ ಆರೂವರೆ. ಮೊದಲೇ ಔಷಧಿ ಸಿಕ್ಕಿದ್ದರೆ ಅದು ಐದಕ್ಕೆ ನಿಲ್ಲುತ್ತಿತ್ತೇ? ಯಾರೂ ಹೇಳಲಾರರು.

ಸೇರಿಸಿ ಎಂದವರಲ್ಲಿ ನಾವೂ ಇದ್ದೆವು. ಅವಳು ದಪ್ಪ ಗಾಜಿನ ಹಿಂದಿನಿಂದ ನಮ್ಮನ್ನು ನೋಡಿ ನಕ್ಕಾಗಲೆಲ್ಲ ಮನಸ್ಸು ಒಂದು ಕ್ಷಣ ಅಳುಕುತ್ತದೆ. ಅಂದಿನ ಸಲಹೆ ತಪ್ಪೆಂದು ನಮಗೆ ಇಂದಿಗೂ ಅನಿಸಿಲ್ಲ. ಆದರೆ ಸರಿಯಾದ ನಿರ್ಧಾರಕ್ಕೂ ಬೆಲೆಯಿರುತ್ತದೆ, ಆ ಬೆಲೆಯನ್ನು ಕೊಟ್ಟವರು ನಾವಲ್ಲ. ನಮ್ಮ ಊರಿನ ಮಗುವಿನ ಕಣ್ಣಿಗೆ ನಾಳೆ ಬೀಳುವ ಹನಿಯ ಹಿಂದೆ ಇಂಥ ಎಷ್ಟೋ ಮಕ್ಕಳ ಕಾಯುವಿಕೆ ಇರುತ್ತದೆ. ಕನಿಷ್ಠ ಪಕ್ಷ ನಮ್ಮ ಮಕ್ಕಳನ್ನು ದಿನವೂ ಒಂದಿಷ್ಟು ಹೊತ್ತು ಬಿಸಿಲಿಗೆ ಬಿಡುವ ಮೂಲಕವಾದರೂ ಆ ಋಣವನ್ನು ನಾವು ನೆನೆಯಬೇಡವೇ?