ಕಣದಲ್ಲಿ ಬರೆದ ಎಂಟು

ಯಲಬುರ್ಗಾ ತಾಲೂಕಿನಲ್ಲಿರುವ ತಂಗಿಯ ಊರಿಗೆ ಹೋಗಿದ್ದೆ. ಸುಗ್ಗಿ ಇಲ್ಲದೆ ಖಾಲಿ ಬಿದ್ದಿದ್ದ ಕಣದಲ್ಲಿ ಬೂದಿಯಿಂದ ದೊಡ್ಡದೊಂದು ಎಂಟು ಬರೆದಿತ್ತು. ಯಾವುದೋ ಪೂಜೆಯದಿರಬೇಕು ಅಂದುಕೊಂಡು ಬಗ್ಗಿ ನೋಡುತ್ತಿದ್ದಾಗ ತಂಗಿಯ ಮಗಳು ಸ್ಕೂಟಿ ತಳ್ಳಿಕೊಂಡು ಬಂದಳು. ಗಾಡಿಯ ಹಿಂದೆ ಮುಂದೆ ಮದುವೆ ಕಾರ್ಡಿನ ಹಿಂಬದಿ. ಅದರ ಮೇಲೆ ಉಗುರಿನ ಬಣ್ಣದಲ್ಲಿ ಬರೆದ ಕೆಂಪು ‘ಎಲ್’. “ಅಡ್ಡ ನಿಂದರಬ್ಯಾಡ್ರಿ ಮಾಮಾ, ಇದು ನನ್ನ ಆರ್‌ಟಿಓ ಆಫೀಸು” ಅಂದಳು.

ಅವಳಿಗೆ ಕುಷ್ಟಗಿಯಲ್ಲಿ ಕೆಲಸ ಸಿಕ್ಕಿದೆ. ಹೋಗುವಾಗ ಎರಡು ಬಸ್ಸು, ಬರುವಾಗ ಕತ್ತಲು. ಬಸ್ಸು ತಪ್ಪಿದರೆ ಟಂಟಂ ತುಂಬುವವರೆಗೂ ಕಾಯಬೇಕು. ಲೈಸೆನ್ಸ್ ಅಂದರೆ ಅವಳಿಗೆ ದಿನಕ್ಕೆ ಎರಡು ತಾಸು ಉಳಿತಾಯ.

ಎಲ್‌ಎಲ್‌ಆರ್ ಸುಲಭವಾಗಿ ಬಂತು. ತ್ರಿಕೋನ ಎಚ್ಚರಿಸುತ್ತದೆ, ಕೆಂಪು ವೃತ್ತ ತಡೆಯುತ್ತದೆ, ನೀಲಿ ಹಲಗೆ ತಿಳಿಸುತ್ತದೆ ಅಂತ ರೊಟ್ಟಿ ಬಡಿಯುತ್ತಲೇ ಬಾಯಿಪಾಠ ಮಾಡಿದ್ದಳು. ಕಂಪ್ಯೂಟರ್ ಕೇಳುವ ಪ್ರಶ್ನೆಗಳಲ್ಲಿ ಶೇಕಡ 60ರಷ್ಟಕ್ಕೆ ಸರಿ ಉತ್ತರ ಕೊಟ್ಟರೆ ಸಾಕು. ಆ ಎಲ್‌ಎಲ್‌ಆರ್‌ಗೆ ಆರು ತಿಂಗಳ ಆಯುಷ್ಯ. ಆದರೆ ಕೈಗೆ ಬಂದು 30 ದಿನ ಆಗುವವರೆಗೂ ಗಾಡಿ ಪರೀಕ್ಷೆಗೆ ನಿಲ್ಲುವಂತಿಲ್ಲ. ಕಾನೂನು ಆ ಒಂದು ತಿಂಗಳನ್ನು ಕಲಿಯಲೆಂದೇ ಕೊಟ್ಟಿದೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಕಾಯುವುದರಲ್ಲೇ ಕಳೆಯುತ್ತಾರೆ.

ಅವಳು ಕೊಪ್ಪಳಕ್ಕೆ ಹೋಗಿ ಮೊದಲ ಸಲ ಫೇಲಾದಳು. ಎಂಟರ ನಡುವಿನ ಗಂಟು ದಾಟಿ ಎರಡನೇ ಸುತ್ತಿಗೆ ಹೊರಳುವಾಗ ಎಡಗಾಲು ನೆಲ ಮುಟ್ಟಿತು. ಅವಳಿಗಿಂತ ಮುಂಚೆ ಹೋಗಿದ್ದ ಹುಡುಗನೊಬ್ಬ ಭರ್ರನೆ ಹೊಡೆದು ಗೆರೆ ದಾಟಿದ್ದ. ಬ್ರೇಕ್ ಇನ್ಸ್‌ಪೆಕ್ಟರ್ ಅವನಿಗೆ ಹೇಳಿದ್ದನ್ನು ಅವಳು ಮನೆಗೆ ಬಂದು ನನಗೆ ಒಪ್ಪಿಸಿದಳು: “ತಮ್ಮಾ, ಜೋರು ಓಡ್ಸೋದು ಎಕ್ಸಲೇಟರ್ ಕಲಿಸ್ತೈತಿ. ಸಾವಕಾಶ ಓಡ್ಸೋದು ನೀನ ಕಲೀಬೇಕು.”

ಈ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಎಂಟು ಹೊಡೆಸುವುದು ಸರ್ಕಾರದ ಒಂದು ಸರ್ಕಸ್ಸು ಅಂತಲೇ ನಾನು ಇಷ್ಟು ದಿನ ತಿಳಿದಿದ್ದೆ. ಯೋಚಿಸಿದರೆ, ನೀನು ಎಷ್ಟು ಜೋರಾಗಿ ಹೋಗಬಲ್ಲೆ ಅಂತ ಆ ಪರೀಕ್ಷೆ ಯಾರನ್ನೂ ಕೇಳುವುದಿಲ್ಲ. ಕಾಲು ಊರದೆ ಎಷ್ಟು ನಿಧಾನವಾಗಿ ಹೋಗಬಲ್ಲೆ ಅಂತ ಕೇಳುತ್ತದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಜನರ ಸಾವಿಗೆ ಅತಿವೇಗ ಕಾರಣ ಅಂತ ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ನಿಧಾನ ಕಲಿಯದೇ ಹೋದ ಲೆಕ್ಕ ಅದು.

ನಮ್ಮ ಜಿಲ್ಲೆಯಲ್ಲಿ ಈ ನಿಧಾನಕ್ಕೆ ಕೆಲಸ ಹೆಚ್ಚು. ಸುಗ್ಗಿಯಲ್ಲಿ ಗಂಗಾವತಿ ಕಡೆ ಹೋದರೆ ಭತ್ತದ ಚೀಲ ಹೇರಿದ ಟ್ರ್ಯಾಕ್ಟರು ಹಿಂದಿನ ದೀಪವಿಲ್ಲದೆ ರೈಸ್‌ಮಿಲ್ಲಿಗೆ ಹೊರಟಿರುತ್ತದೆ. ರಸ್ತೆಯ ಅರ್ಧಕ್ಕೆ ಭತ್ತ ಒಣ ಹಾಕಿ ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಕುಷ್ಟಗಿಯಲ್ಲಿ ರಾಷ್ಟ್ರೀಯ ಹೆದ್ದಾರಿ 50ರ ಲಾರಿಗಳ ಪಕ್ಕದಲ್ಲೇ ಕುರಿಹಿಂಡು. ಕೊಪ್ಪಳದ ಗವಿಮಠದ ಜಾತ್ರೆಯಲ್ಲಂತೂ ರೋಡು ತುಂಬ ಜನ. ಅಲ್ಲಿ ನೂರು ಮೀಟರು ಹೋಗಲು ಬೇಕಾಗುವುದು ಈ ಎಂಟರ ವಿದ್ಯೆಯೇ.

“ಎಂಟು ಗಿಂಟು ಯಾಕ ಬೇಕ್ರಿ, ಏಜೆಂಟನ ಕೈಯಾಗ ರೊಕ್ಕ ಕೊಡ್ರಿ” ಎನ್ನುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಹಾಗೆ ಪಡೆದ ಲೈಸೆನ್ಸು ಬ್ರಿಟನ್ನಿನ ಹಳೆಯ ಲೈಸೆನ್ಸಿನಂತೆ. ಅಲ್ಲಿ 1903ರ ಕಾಯ್ದೆಯ ಪ್ರಕಾರ ಐದು ಶಿಲ್ಲಿಂಗ್ ಕಟ್ಟಿದವರಿಗೆ ಪರೀಕ್ಷೆಯಿಲ್ಲದೆ ಲೈಸೆನ್ಸ್ ಸಿಗುತ್ತಿತ್ತು. ಪರೀಕ್ಷೆ ಕಡ್ಡಾಯ ಆದದ್ದು 1935ರಲ್ಲಿ, ರಸ್ತೆಯ ಮೇಲೆ ಸಾವಿರಾರು ಜನ ಸತ್ತ ಮೇಲೆ. ಅವರು ಬಿಟ್ಟು ಬಂದ ಕಡೆಗೆ ನಾವು ಕೈಯಿಂದ ರೊಕ್ಕ ಕೊಟ್ಟು ಹೋಗುತ್ತಿದ್ದೇವೆ.

ಫೇಲಾದವರು ಏಳು ದಿನ ಬಿಟ್ಟು ಮತ್ತೆ ಹೋಗಬಹುದು. ಮೂರು ಸಲ ಫೇಲಾದರೆ 60 ದಿನ ಕಾಯಬೇಕು. ನಮ್ಮ ಹುಡುಗಿ ಆ ಏಳು ದಿನವೂ ಕಣದಲ್ಲೇ ಇದ್ದಳು. ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಅವಳ ಅಜ್ಜ ಸೈಕಲ್ಲನ್ನೂ ಹೊಡೆದವರಲ್ಲ. ಇದೇ ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗಿಸಿದವರು. ನಾಲ್ಕನೇ ದಿನ ಬಾಯಿ ಬಿಟ್ಟರು: “ಎತ್ತಿನ ಕಣ್ಣು ಎಲ್ಲೈತೋ ಮೈಯೂ ಅಲ್ಲೇ ಹೋಗ್ತೈತವ್ವ. ನೀ ಗಾಲಿ ನೋಡಾಕತ್ತೀದಿ. ಗಾಲಿ ಎಲ್ಲೂ ಓಡಿ ಹೋಗಂಗಿಲ್ಲ, ತಿರುವು ನೋಡು.” ಅವಳು ತಲೆ ಎತ್ತಿ ಮುಂದಿನ ತಿರುವು ನೋಡಿದಳು. ಹಿಂದಿನ ಬ್ರೇಕನ್ನು ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದಳು. ಬೂದಿಯ ಗೆರೆ ಅಳಿಸದೆ ಎಂಟು ಮುಗಿಯಿತು. ಮುಂದಿನ ವಾರ ಕೊಪ್ಪಳದಲ್ಲೂ ಮುಗಿಯಿತು.

ಮೊನ್ನೆ ಹೆಲ್ಮೆಟ್ ಹಾಕಿಕೊಂಡು ಅವಳ ಹಿಂದೆ ಕೂತೆ. ಊರು ದಾಟಿದ ಕೂಡಲೇ ಡಾಂಬರಿನ ಮೇಲೆ ಉದ್ದಕ್ಕೂ ಸಜ್ಜೆ ತೆನೆ ಹರಡಿತ್ತು. ಓಡಾಡುವ ಗಾಡಿಗಳ ಗಾಲಿಯಿಂದಲೇ ಒಕ್ಕಣೆ. ಕಣ ರೋಡಿಗೆ ಬಂದಿದೆ, ರೋಡಿನ ಪಾಠ ಕಣಕ್ಕೆ ಹೋಗಿದೆ ಅಂತ ನಗು ಬಂತು. ಮೆದೆಯಾದ ಕಡೆ ಬೈಕು ಜಾರಿ ಬಿದ್ದವರನ್ನು ಕಂಡಿದ್ದರಿಂದ ಭಯವೂ ಆಯಿತು. ಹಿಂದಿನಿಂದ ಜೀಪೊಂದು ಹಾರ್ನ್ ಮೇಲೆ ಹಾರ್ನ್ ಬಾರಿಸುತ್ತಿತ್ತು. ತೆನೆ ಹೊರಳಿಸುತ್ತಿದ್ದ ಮುದುಕಿ ಯಾವ ಕಡೆ ಸರಿಯಬೇಕು ಅಂತ ತಿಳಿಯದೆ ನಡುವೆಯೇ ನಿಂತಿದ್ದಳು.

ಹುಡುಗಿ ಕೈ ತೋರಿಸಿ ಜೀಪನ್ನು ಮುಂದೆ ಬಿಟ್ಟಳು. ಆಮೇಲೆ ತೆನೆಯ ಅಂಚು ಹಿಡಿದು, ಮುದುಕಿಯನ್ನು ಬಳಸಿ, ನಡಿಗೆಯ ವೇಗದಲ್ಲಿ ದಾಟಿಸಿದಳು. ನಾನು ಕೆಳಗೆ ನೋಡುತ್ತಿದ್ದೆ. ಅವಳ ಎಡಗಾಲು ಫುಟ್‌ಬೋರ್ಡಿನ ಮೇಲೆಯೇ ಇತ್ತು.