ಹೊಲದ ಬದುವಿನಲ್ಲಿ ಕುಳಿತು ಚಿತ್ರ ಬರೆಯುವುದು ಸರಿಯೇ?

ಭಾನುವಾರದ ಪೂಜೆ ಮುಗಿಸಿ ಬಂದ ನಿಮ್ಮ ಮಗನೋ ಮಗಳೋ ಬಣ್ಣದ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಊರ ಹೊರಗಿನ ಹೊಲಗಳ ಕಡೆ ಹೊರಟರೆ ನೀವೇನು ಹೇಳುತ್ತೀರಿ? "ಓದೋದು ಬಿಟ್ಟು ಇದೆಂಥ ಹುಚ್ಚು?" ಎನ್ನುವವರೇ ನಮ್ಮಲ್ಲಿ ಹೆಚ್ಚು. ದುಡ್ಡಿನ ಮಾತೂ ಇದ್ದೇ ಇದೆ. ತೈಲವರ್ಣ, ಕ್ಯಾನ್ವಾಸ್, ಕುಂಚ ಯಾವುದೂ ಅಗ್ಗವಲ್ಲ. ಆದರೆ ದುಡ್ಡಿಗಿಂತ ಕಠಿಣವಾದ ಪ್ರಶ್ನೆ ಇನ್ನೊಂದಿದೆ. ನೆರೆಯವರು ಬಿಸಿಲಿನಲ್ಲಿ ಬೆನ್ನು ಬಗ್ಗಿಸಿ ಕಳೆ ಕೀಳುತ್ತಿರುವಾಗ, ಅದೇ ಹೊಲದ ಬದುವಿನಲ್ಲಿ ಕುಳಿತು ಅದರ ಚೆಲುವನ್ನು ಚಿತ್ರಿಸುವುದು ಕ್ರೈಸ್ತನಾದವನಿಗೆ ಒಪ್ಪುವ ಕೆಲಸವೇ?

ಹರಪನಹಳ್ಳಿ ತಾಲ್ಲೂಕಿನ ಬಾಗಳಿಯನ್ನೇ ತೆಗೆದುಕೊಳ್ಳಿ. ಈಗ ಅದು ವಿಜಯನಗರ ಜಿಲ್ಲೆಗೆ ಸೇರಿದೆ. ಚಾಲುಕ್ಯರ ಕಾಲದ ಕಲ್ಲೇಶ್ವರ ಗುಡಿ ಅಲ್ಲಿದೆ. ಸಾವಿರ ವರ್ಷ ಹಳೆಯದು, ನುಣುಪಾದ ಕಂಬಗಳದು. ಸುತ್ತಲಿನ ಸೀಮೆಯಲ್ಲಿ ಮೆಕ್ಕೆಜೋಳ, ಜೋಳ, ಶೇಂಗಾ. ಮಳೆ ಕೈಕೊಡುವುದು ಇಲ್ಲಿ ಹೊಸ ಸುದ್ದಿಯೇನಲ್ಲ. ಕೈಕೊಟ್ಟ ವರ್ಷ ದುಡಿಯುವ ಕೈಗಳು ಬೆಂಗಳೂರಿಗೋ ಮಲೆನಾಡಿನ ಕಾಫಿ ತೋಟಗಳಿಗೋ ಗುಳೆ ಹೊರಡುತ್ತವೆ. ಇಂಥಲ್ಲಿ ನೀವು ಬೆಳಗಿನ ಏಳು ಗಂಟೆಗೆ ಈಸೆಲ್ ನಿಲ್ಲಿಸುತ್ತೀರಿ ಎನ್ನೋಣ. ದಾರಿಯಲ್ಲಿ ಹೋಗುವ ತಾಯಿಯೊಬ್ಬಳು ನಿಂತು, "ಇದನ್ನ ಬರದ್ರೆ ಏನ್ ಬರ್ತೈತ್ರಿ?" ಎಂದು ಕೇಳದೆ ಇರುವುದಿಲ್ಲ. ಅದು ಕುಹಕವಲ್ಲ, ನ್ಯಾಯವಾದ ಪ್ರಶ್ನೆ.

ಗುಡಿಯ ವಿಷಯ ಮೊದಲೇ ಮುಗಿಸಿಬಿಡುತ್ತೇನೆ. ಅನ್ಯಧರ್ಮೀಯರ ಗುಡಿಯನ್ನು ಕಥೋಲಿಕರು ಚಿತ್ರಿಸಬಹುದೇ ಎಂಬ ಅಳುಕು ಕೆಲವರಿಗೆ ಉಂಟು. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದು ಯಾವುದಿದೆಯೋ ಅದನ್ನು ಧರ್ಮಸಭೆ ತಳ್ಳಿಹಾಕುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿದೆ. ಚಿತ್ರ ಬರೆಯುವುದು ಆರಾಧನೆಯೂ ಅಲ್ಲ. ನೆರೆಯವರ ಹಿರಿಯರು ಕಡೆದ ಕಲ್ಲನ್ನು ಗೌರವದಿಂದ ನೋಡಿದರೆ ನಮ್ಮ ವಿಶ್ವಾಸಕ್ಕೆ ಯಾವ ಕುಂದೂ ಇಲ್ಲ.

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಉತ್ತರ ಹುಡುಕಬೇಕಾದರೆ ಬಯಲಿನಲ್ಲಿ ತೈಲವರ್ಣದ ಕೆಲಸ ಹೇಗೆ ನಡೆಯುತ್ತದೆಂದು ಸ್ವಲ್ಪ ತಿಳಿದಿರಬೇಕು. ಹಿಂದೆ ಚಿತ್ರಕಾರರು ಬಣ್ಣವನ್ನು ಅಗಸೆ ಎಣ್ಣೆಯಲ್ಲಿ ಅರೆದು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು. ಅದನ್ನು ಹೊತ್ತು ತಿರುಗುವುದು ಸುಲಭವಿರಲಿಲ್ಲ. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರ ತವರದ ಟ್ಯೂಬಿಗೆ ಹಕ್ಕುಪತ್ರ ಪಡೆದ. ಮುಚ್ಚಳ ತಿರುಗಿಸಿ ಹಿಚುಕಿದರೆ ಬಣ್ಣ ಸಿದ್ಧ. ಹೀಗೆ ಬಯಲಿಗೆ ಹೊರಡುವ ದಾರಿ ಸಲೀಸಾಯಿತು. ಆದರೂ ಬಯಲು ಯಾರಿಗೂ ಕಾಯುವುದಿಲ್ಲ. ಏಳು ಗಂಟೆಗೆ ಉದ್ದವಾಗಿ ಮಲಗಿದ್ದ ಗುಡಿಯ ನೆರಳು ಒಂಬತ್ತಕ್ಕೆ ಮುದುಡಿರುತ್ತದೆ. ನೇರಳೆಯಾಗಿದ್ದ ನೆಲ ಕೆಂಪಾಗಿರುತ್ತದೆ. ಕೈಗೆ ಸಿಗುವುದು ಹೆಚ್ಚೆಂದರೆ ಎರಡು ಗಂಟೆಯ ಬೆಳಕು. ಆಮೇಲೆ ಬರೆದರೆ ಬೆಳಗಿನ ಹೊಲಕ್ಕೆ ಮಧ್ಯಾಹ್ನದ ನೆರಳು ಅಂಟಿಸಿದಂತೆ. ಎಣ್ಣೆ ಬಣ್ಣ ಬೇಗ ಒಣಗದಿರುವುದರಿಂದ ಮರುದಿನ ಅದೇ ಹೊತ್ತಿಗೆ ಬಂದು ಮುಂದುವರಿಸಬಹುದು. ಗಾಳಿಗೆ ಎದ್ದ ಕೆಂಧೂಳು ಹಸಿ ಬಣ್ಣಕ್ಕೆ ಕೂತರೆ ತೆಗೆಯಲು ಹೋಗಬಾರದು, ಇನ್ನಷ್ಟು ಕೆಡುತ್ತದೆ. ಎಲ್ಲಕ್ಕಿಂತ ಕಷ್ಟವಾದುದು, ನಿಮಗೆ ಗೊತ್ತಿರುವುದನ್ನು ಬಿಟ್ಟು ಎದುರಿಗೆ ಕಾಣುವುದನ್ನು ಬರೆಯುವುದು. ಮರವೆಂದರೆ ಹಸಿರು ಎಂದು ನಮಗೆಲ್ಲ ಗೊತ್ತು. ಕಣ್ಣು ಕಿರಿದು ಮಾಡಿ ನೋಡಿದರೆ ದೂರದ ಬೇವಿನಮರ ಬೂದಿ ಬೆರೆತ ನೀಲಿ! ತನಗೆ ಬೇಕಾದಂತೆ ಕಾಣಲೆಂದು ಹಟ ಹಿಡಿಯುವವನಿಗೆ ಈ ಕೆಲಸ ಒಲಿಯುವುದಿಲ್ಲ.

ಇಷ್ಟಾದರೂ ಪ್ರಶ್ನೆ ಹಾಗೇ ಉಳಿಯಿತು. ಬಡವರಿಗೆ ಕೊಡಬಹುದಾಗಿದ್ದ ಹಣವನ್ನು ಹೀಗೇಕೆ ಸುರಿಯಬೇಕು? ಬೆಥಾನಿಯ ಸುಗಂಧತೈಲದ ಪ್ರಸಂಗವನ್ನು ಕೆಲವರು ಇದಕ್ಕೆ ಉತ್ತರವಾಗಿ ತರುತ್ತಾರೆ. ನನಗೆ ಅದು ಅಷ್ಟಾಗಿ ಹಿಡಿಸದು. ಮರಿಯಳು ಸುರಿದದ್ದು ಪ್ರಭುವಿನ ಪಾದಕ್ಕೆ, ನಾವು ಸುರಿಯುವುದು ಬಟ್ಟೆಯ ಮೇಲೆ. ಅದಕ್ಕಿಂತ ಹೊಲದ ಹೂಗಳನ್ನು ಗಮನಿಸಿರೆಂದು ಯೇಸುಸ್ವಾಮಿ ಹೇಳಿದ ಮಾತು ಇಲ್ಲಿಗೆ ಹತ್ತಿರ. ಅದನ್ನು ಹೇಳಿದ್ದು ಯಾರಿಗೆ? ನಾಳೆ ಏನು ತಿನ್ನುವುದು, ಏನು ಉಡುವುದು ಎಂದು ಚಿಂತಿಸುತ್ತಿದ್ದವರಿಗೆ. ಹಾಗಾದರೆ ಚೆಲುವನ್ನು ನೋಡುವುದು ಹೊಟ್ಟೆ ತುಂಬಿದವರಿಗಷ್ಟೇ ಮೀಸಲು ಎಂದು ನಾವು ಎಣಿಸುವುದು ಸರಿಯೇ? ದಾರಿಯಲ್ಲಿ ನಿಂತ ಆ ತಾಯಿಗೂ ಕಣ್ಣಿದೆ. ಎರೆ ನೆಲ ಎಲ್ಲಿ ಮುಗಿದು ಮಸಾರಿ ಎಲ್ಲಿ ಶುರುವಾಗುತ್ತದೆ, ಯಾವ ಮೋಡ ಮಳೆ ತರುತ್ತದೆ, ಯಾವುದು ಬರಿದೇ ಹಾದುಹೋಗುತ್ತದೆ ಎಂದು ನಿಮಗಿಂತ ಚೆನ್ನಾಗಿ ಬಲ್ಲವಳು ಅವಳೇ.

ದೊಡ್ಡಬಳ್ಳಾಪುರದಲ್ಲಿ 1910ರಲ್ಲಿ ಹುಟ್ಟಿದ ರುಮಾಲೆ ಚನ್ನಬಸವಯ್ಯನವರಿಗೂ ಈ ಪ್ರಶ್ನೆ ಎದುರಾಗಿದ್ದಿರಬೇಕು. ಚಿತ್ರಕಲೆ ಕಲಿತ ಅವರು ಸ್ವಾತಂತ್ರ್ಯ ಚಳುವಳಿಗೆ ಇಳಿದು ಕುಂಚವನ್ನು ಬದಿಗಿಟ್ಟರು. 'ತಾಯಿನಾಡು' ಪತ್ರಿಕೆಯಲ್ಲಿ ದುಡಿದರು. ದೇಶದ ಕರೆ ದೊಡ್ಡದು, ಚಿತ್ರ ಕಾಯಲಿ ಎಂಬುದು ಅವರ ನಡೆಯಲ್ಲೇ ಇದೆ. ಆದರೆ ಅವರು ಚಿತ್ರವನ್ನು ಕೈಬಿಡಲಿಲ್ಲ. ವರ್ಷಗಳ ಬಳಿಕ, 1960ರ ದಶಕದಲ್ಲಿ ಮತ್ತೆ ಕುಂಚ ಹಿಡಿದರು. 1988ರಲ್ಲಿ ತೀರಿಕೊಳ್ಳುವವರೆಗೂ ಬೆಂಗಳೂರಿನ ಗುಲ್‌ಮೊಹರ್ ಮರಗಳನ್ನೂ ಉದ್ಯಾನಗಳನ್ನೂ ಬಯಲಿನಲ್ಲೇ ಕುಳಿತು ಜಲವರ್ಣ, ತೈಲವರ್ಣ ಎರಡರಲ್ಲೂ ಬರೆದರು. ಸೇವೆಗೊಂದು ಕಾಲ, ನೋಟಕ್ಕೊಂದು ಕಾಲ. ಒಂದನ್ನು ಮಾಡಿದವನು ಇನ್ನೊಂದನ್ನು ಕದ್ದನೆಂದು ಹೇಳಲು ನನಗೆ ಮನಸ್ಸಾಗುವುದಿಲ್ಲ.

ತಪ್ಪು ಎಲ್ಲಿ ನುಸುಳುತ್ತದೆ? ಏನನ್ನು ಬಿಡುತ್ತೇವೆ ಎಂಬಲ್ಲಿ. ಕಲ್ಲೇಶ್ವರ ಗುಡಿಗೆ ಅಡ್ಡ ಬಂದ ಕರೆಂಟಿನ ಕಂಬವನ್ನು ಬಿಟ್ಟರೆ ಪಾಪವೇನಲ್ಲ. ಹೊಲದಲ್ಲಿ ಬಗ್ಗಿ ನಿಂತವರು 'ಚಿತ್ರ ಕೆಡಿಸುತ್ತಾರೆ' ಎಂದು ಅವರನ್ನು ಅಳಿಸಿದರೆ? ಅವರು ಉತ್ತು ಬಿತ್ತದೆ ಆ ಹಸಿರು ಎಲ್ಲಿಂದ ಬಂತು? ಇನ್ನು ಕೆಲವರು ಅಳಿಸುವುದಿಲ್ಲ, ಕೆಂಪು ಸೀರೆಯ ಚುಕ್ಕೆಯಾಗಿ ಅಲಂಕಾರಕ್ಕೆ ಇಡುತ್ತಾರೆ. ನನ್ನ ಎಣಿಕೆಯಲ್ಲಿ ಅದು ಇನ್ನೂ ಕೀಳು.

ಫ್ರಾನ್ಸಿನ ರೈತನ ಮಗ ಮಿಲೆ 1857ರಲ್ಲಿ ತೋರಿಸಿದ ತೈಲಚಿತ್ರವನ್ನು ನೀವು ಕ್ಯಾಲೆಂಡರಿನಲ್ಲೋ ಪುಸ್ತಕದಲ್ಲೋ ನೋಡಿರಬಹುದು. ಕೊಯ್ಲಾದ ಹೊಲದಲ್ಲಿ ಮೂವರು ಹೆಂಗಸರು ಹಕ್ಕಲು ಆಯುತ್ತಿದ್ದಾರೆ; ಧಣಿಯ ಬಣವೆಗಳೆಲ್ಲ ದೂರದಲ್ಲಿ ಚಿಕ್ಕದಾಗಿವೆ, ಹೆಂಗಸರು ಎದುರಿಗೆ ದೊಡ್ಡದಾಗಿದ್ದಾರೆ. ಆ ಕಾಲದ ಉಳ್ಳವರಿಗೆ ಅದು ರುಚಿಸಲಿಲ್ಲ. ಹೊಲದ ಅಂಚನ್ನು ಪೂರ್ತಿ ಕೊಯ್ಯದೆ ಬಡವರಿಗೂ ಪರದೇಶಿಗೂ ಬಿಡಬೇಕೆಂಬ ಯಾಜಕಕಾಂಡದ ಆಜ್ಞೆಯನ್ನು, ಬೋವಜನ ಹೊಲದಲ್ಲಿ ಹಕ್ಕಲಾಯ್ದ ರೂತಳನ್ನು ನೀವು ಬಲ್ಲಿರಿ. ನಮ್ಮ ಬಯಲುಸೀಮೆಯವರಿಗೆ ಹಕ್ಕಲು ಎಂಬ ಮಾತಿಗೆ ಅರ್ಥ ಹೇಳಬೇಕಾಗಿಲ್ಲ. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೋ ಸೀ' ವಿಶ್ವಪತ್ರದಲ್ಲಿ ಭೂಮಿಯ ಮೊರೆಯನ್ನೂ ಬಡವರ ಮೊರೆಯನ್ನೂ ಒಟ್ಟಿಗೇ ಕೇಳಬೇಕೆಂದರು. ನಿಂತು ಚೆಲುವನ್ನು ಮೆಚ್ಚಲು ಕಲಿಯದವನಿಗೆ ಎಲ್ಲವೂ ಬಳಸಿ ಬಿಸಾಡುವ ವಸ್ತುವಾಗಿ ಕಂಡರೆ ಆಶ್ಚರ್ಯವಿಲ್ಲ ಎಂದೂ ಅದೇ ಪತ್ರದಲ್ಲಿ ಎಚ್ಚರಿಸಿದರು.

ಆದ್ದರಿಂದ ತಂದೆ ತಾಯಿಗಳೇ, ಮಗು ಬಣ್ಣ ಕೇಳಿದರೆ ಗದರಬೇಡಿ. ಮೊದಲಿಗೆ ಬಿಳಿ, ಹಳದಿ, ಕೆಂಪು, ನೀಲಿ, ಒಂದು ಕಂದು, ಇಷ್ಟೇ ಸಾಕು. ತಲೆಗೆ ಟವೆಲು, ಕುಡಿಯಲು ನೀರು ಕಟ್ಟಿಕೊಡಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬಾರದು, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವುದುಂಟು, ಹರಡಿ ಒಣಗಿಸಲಿ. ಹೊಲದವರನ್ನು ಕೇಳಿಯೇ ಬದುವಿನ ಮೇಲೆ ಕೂರಲಿ. ಸಂಜೆ ಮನೆಗೆ ಬಂದಾಗ ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುವ ಮೊದಲು, ಆ ಹೊಲ ಯಾರದು, ಈ ಸಲ ಅವರಿಗೆ ಬೆಳೆ ಹೇಗಿದೆ ಎಂದು ಒಂದು ಮಾತು ಕೇಳಿ.