ಕೆರೆ ಬರಿದಾದ ವರ್ಷದ ಷೋ

ನೀರಿನ ಮೇಲೆ ಆಟ ತೋರಿಸ್ತೀವಿ ಅಂತ ಟಿಕೆಟ್ ಮಾರೋರಿಗೆ ನೀರೇ ಇಲ್ಲದಂತಾದರೆ, ಆಗಲೂ ಷೋ ನಡೆಸೋದು ಸರಿಯಾ? ತಮಾಷೆಗೆ ಕೇಳ್ತಿಲ್ಲ. ಅಮೆರಿಕದ ವಿಸ್ಕಾನ್ಸಿನ್ ಡೆಲ್ಸ್ ಅನ್ನೋ ಊರಲ್ಲಿ ನಿಜವಾಗಿ ಹೀಗಾಯ್ತು.

ಶಿಕಾಗೋ ಕಡೆ ಕೆಲಸ ಮಾಡೋ ನಮ್ಮಂಥವರು ಬೇಸಿಗೆಯಲ್ಲಿ ಮಕ್ಕಳನ್ನ ಕಟ್ಟಿಕೊಂಡು ಹೋಗೋ ಪ್ರವಾಸಿ ಊರು ಅದು. ಅಲ್ಲಿನ ಲೇಕ್ ಡೆಲ್ಟನ್, 1927ರಲ್ಲಿ ತೊರೆಗೆ ಒಡ್ಡು ಹಾಕಿ ಕಟ್ಟಿದ ಕೆರೆ. ರೇಡಿಯೋದಲ್ಲಿ ಹೆಸರು ಮಾಡಿದ್ದ ಟಾಮಿ ಬಾರ್ಟ್ಲೆಟ್ 1952ರಲ್ಲಿ ಊರೂರು ಸುತ್ತೋ ವಾಟರ್ ಸ್ಕೀ ತಂಡ ಶುರು ಮಾಡಿದ. ಮರುವರ್ಷ ಡೆಲ್ಸ್‌ಗೆ ಬಂದ ತಂಡ ಅಲ್ಲೇ ಬೇರು ಬಿಟ್ಟಿತು. ಮೋಟರ್ ಬೋಟು ಎಳೀತಿದ್ರೆ, ಹಿಂದೆ ಒಬ್ಬರ ಹೆಗಲ ಮೇಲೊಬ್ಬರು ನಿಂತು ಗೋಪುರ ಕಟ್ಟಿಕೊಂಡು ನೀರ ಮೇಲೆ ಜಾರಿ ಬರೋರು. ನಡುನಡುವೆ ದಡದ ವೇದಿಕೆ ಮೇಲೆ ಜಗ್ಲಿಂಗ್, ಹಾಸ್ಯ.

2008ರ ಜೂನ್ 9ರಂದು ಭಾರಿ ಮಳೆಗೆ ಕೆರೆ ತನ್ನ ದಡವನ್ನೇ ಕೊರೆದು ವಿಸ್ಕಾನ್ಸಿನ್ ನದಿಗೆ ನುಗ್ಗಿತು. ಮನೆಗಳೂ ಕೊಚ್ಚಿ ಹೋದವು. ಉಳಿದದ್ದು ಕೆಸರು. ಸೀಸನ್ ಆಗಷ್ಟೇ ಶುರುವಾಗಿತ್ತು. ತಂಡ ಬಾಗಿಲು ಹಾಕಲಿಲ್ಲ, ವೇದಿಕೆಯ ಆಟಗಳನ್ನೇ ಇಟ್ಟುಕೊಂಡು ಷೋ ನಡೆಸಿತು.

ಇದನ್ನ ಹೇಳಿದಾಗ ಗೆಳೆಯನೊಬ್ಬ, 'ದೋಸೆ ಖಾಲಿ ಅಂತ ಬರೀ ಚಟ್ನಿ ಬಡಿಸಿದ ಹಾಗಾಯ್ತು' ಅಂದ. ಮಾತು ಚೆನ್ನಾಗಿದೆ, ಆದ್ರೆ ನಾನು ಒಪ್ಪಲ್ಲ. ದೋಸೆ ಇಲ್ಲ ಅಂತ ಮೊದಲೇ ಗೊತ್ತಿದ್ದೂ ಒಳಗೆ ಬಂದವನಿಗೆ ಮೋಸ ಎಲ್ಲಿ ಆಯ್ತು? ಬರಿದಾದ ಕೆರೆ ಬಚ್ಚಿಡೋ ವಸ್ತುವಂತೂ ಅಲ್ಲ, ಬೆಂಚಿನ ಮುಂದೇ ಬಿದ್ದಿತ್ತು.

ನನ್ನನ್ನ ಕಾಡೋದು ಬೇರೆ. ಚೆಂಡು ತೂರೋನಿಗೆ ವೇದಿಕೆ ಸಾಕು. ಸ್ಕೀ ಮಾಡೋನ ವಿದ್ಯೆಗೆ ಆ ಬೇಸಿಗೆ ಅಲ್ಲಿ ಜಾಗವೇ ಇರಲಿಲ್ಲ. 'ಏನೇ ಆದ್ರೂ ಷೋ ನಿಲ್ಲಬಾರದು' ಅನ್ನೋದನ್ನ ನಾವು ದೊಡ್ಡ ಗುಣ ಅಂತ ಹೊಗಳ್ತೀವಿ. ಹೊಗಳುವಾಗ ಯಾರನ್ನ ಬಿಟ್ಟು ನಡೀತು ಅಂತ ಕೇಳಲ್ಲ. ಐಟಿಯಲ್ಲಿ ಇರೋರಿಗೆ ಇದು ಗೊತ್ತು. ಅರ್ಧ ಟೀಮ್ ಹೋದಮೇಲೂ 'ಡೆಲಿವರಿ ತಪ್ಪಲಿಲ್ಲ, ಎಲ್ಲರಿಗೂ ಅಭಿನಂದನೆ' ಅಂತ ಮೇಲ್ ಬರುತ್ತೆ. ಆ 'ಎಲ್ಲರೂ' ಒಳಗೆ ನಿನ್ನೆವರೆಗೆ ಪಕ್ಕದಲ್ಲಿ ಕೂತಿದ್ದವನು ಇರಲ್ಲ. ಹಾಗಂತ ಷೋ ನಿಲ್ಲಿಸಿದ್ರೆ ಅವನಿಗೆ ಏನು ಸಿಗ್ತಿತ್ತು ಅಂದ್ರೆ, ಅದಕ್ಕೂ ನನ್ನ ಹತ್ರ ಉತ್ತರ ಇಲ್ಲ.

ದಡ ಕಟ್ಟಿ ಕೆರೆ ತುಂಬಿಸಿದರು, ಮುಂದಿನ ವರ್ಷ ಸ್ಕೀ ಮತ್ತೆ ಶುರುವಾಯ್ತು. 2020ರಲ್ಲಿ ಕೊರೋನ ಬಂತು. ಆಗ ನೀರಿತ್ತು, ಬೆಂಚು ಖಾಲಿ. ಸೆಪ್ಟೆಂಬರಿನಲ್ಲಿ ಇನ್ನು ಷೋ ಇಲ್ಲ ಅಂತ ಹೇಳಿಬಿಟ್ಟರು. ಈ ಸಲ ಚೆಂಡು ತೂರೋನಿಗೂ ಜಾಗ ಇರಲಿಲ್ಲ.